ಪ್ಲಂಬಿಂಗ್ ಕಿಟ್ ಬೇಡ, ಜಾಯಿಂಟಿಗೆ ತಕ್ಕ ಟೂಲು ಸಾಕು

ಮಾನ್ಯರೇ,

ಮನೆಯ ಪೈಪು ಕೆಲಸವನ್ನು ತಾವೇ ಮಾಡಿಕೊಳ್ಳುವ ಹುರುಪು ಹೆಚ್ಚಿದಂತೆ ಪ್ಲಂಬಿಂಗ್ ಟೂಲ್ ಕಿಟ್‌ಗಳ ಜಾಹೀರಾತೂ ಹೆಚ್ಚಿದೆ. ಒಂದೇ ಪೆಟ್ಟಿಗೆಯಲ್ಲಿ ಮೂವತ್ತು ನಲವತ್ತು ಸಾಮಾನು. ವರ್ಷಕ್ಕೆ ಒಂದೆರಡು ಸಲ ಎಲ್ಬೋ (ಪೈಪನ್ನು ಮೂಲೆಯಲ್ಲಿ ತಿರುಗಿಸುವ ತುಂಡು) ಬದಲಿಸುವವರ ಮನೆಯಲ್ಲಿ ಅದರ ಮುಕ್ಕಾಲು ಪಾಲು ತುಕ್ಕು ಹಿಡಿಯುತ್ತದೆ. ನಿಜಕ್ಕೂ ಬೇಕಾದದ್ದು ಅದರಲ್ಲಿ ಇರುವುದೇ ಇಲ್ಲ: ಅಂಚು ತೀಡುವ ಅರ ಇರದು, ಪೈಪು ಅಂಟಿಸುವ ಹೊಸ ಸಲ್ಯೂಷನ್ ಇರದು, ಎರಡನೆಯ ಸ್ಪ್ಯಾನರ್ ಇರದು. ಪ್ಲಾಸ್ಟಿಕ್ ಪೈಪಿನ ಜಾಯಿಂಟು ಸೋರುವುದು ಟೂಲು ಅಗ್ಗದ್ದು ಎಂಬ ಕಾರಣಕ್ಕಲ್ಲ. ಸೊಟ್ಟ ಕತ್ತರಿಸಿದ್ದಕ್ಕೆ, ಅಂಚು ತೀಡದೆ ಬಿಟ್ಟದ್ದಕ್ಕೆ, ಒದ್ದೆ ಪೈಪಿಗೆ ಸಲ್ಯೂಷನ್ ಹಚ್ಚಿದ್ದಕ್ಕೆ, ಥ್ರೆಡ್ಡನ್ನು, ಅಂದರೆ ತಿರುಪಿನ ಎಳೆಯನ್ನು, ಅತಿಯಾಗಿ ಬಿಗಿದದ್ದಕ್ಕೆ. ಈ ನಾಲ್ಕನ್ನು ತಡೆಯುವ ಟೂಲಿಗೆ ಹಣ ಹಾಕಿ, ಉಳಿದದ್ದನ್ನು ಅಂಗಡಿಯಲ್ಲೇ ಬಿಡಿ ಎನ್ನುವುದು ಈ ಪತ್ರದ ವಾದ.

ಟೂಲು ಕೊಳ್ಳುವ ಮುಂಚೆ ಪೈಪು ಯಾವುದೆಂದು ಗೊತ್ತಿರಬೇಕು. ಬಣ್ಣ ನೋಡಿ ಊಹಿಸುವುದಕ್ಕಿಂತ ಪೈಪಿನ ಮೈಮೇಲೆ ಉದ್ದಕ್ಕೂ ಅಚ್ಚಾಗಿರುವ ಸಾಲನ್ನು ಓದುವುದು ವಾಸಿ. ಮನೆಗಳಲ್ಲಿ ಕಾಣುವ ಪ್ಲಾಸ್ಟಿಕ್ ಪೈಪಿನ ಬಗೆಗಳಲ್ಲಿ ಯುಪಿವಿಸಿ ತಣ್ಣೀರಿಗೆ, ಸಲ್ಯೂಷನ್‌ನಿಂದ ಅಂಟುತ್ತದೆ. ಸಿಪಿವಿಸಿ ಬಿಸಿನೀರಿಗೂ ಸೈ. ಅದಕ್ಕೆ ಅದರದ್ದೇ ಸಲ್ಯೂಷನ್ ಬೇಕು. ಪಿಪಿಆರ್ ಯಾವ ಸಲ್ಯೂಷನ್ನಿಗೂ ಅಂಟುವುದಿಲ್ಲ, ಕಾಯಿಸಿ ಬೆಸೆಯಬೇಕು. ಕಪ್ಪು ಎಚ್‌ಡಿಪಿಇ ಕೂಡ ಅಂಟುವ ಜಾತಿಯಲ್ಲ; ಮನೆ ಕೆಲಸದಲ್ಲಿ ಅದಕ್ಕೆ ಕೈಯಲ್ಲೇ ತಿರುಗಿಸಿ ಬಿಗಿಯುವ ಕಂಪ್ರೆಷನ್ ಫಿಟ್ಟಿಂಗ್ ಇದೆ. ಸೈಜಿನಲ್ಲೂ ಒಂದು ಬಲೆ ಇದೆ. ಅರ್ಧ ಇಂಚಿನ ಸಿಪಿವಿಸಿಯ ಹೊರ ವ್ಯಾಸ ಸಾಮಾನ್ಯವಾಗಿ 15.9 ಮಿ.ಮೀ., ಅದೇ ಅರ್ಧ ಇಂಚಿನ ಯುಪಿವಿಸಿಯದು 21.3 ಮಿ.ಮೀ. ಹೆಸರು ಒಂದೇ, ಫಿಟ್ಟಿಂಗ್ ಬೇರೆ. ಪಿಪಿಆರ್‌ಗಾದರೆ 20, 25, 32 ಎಂದು ಹೊರ ವ್ಯಾಸವನ್ನೇ ಹೆಸರಾಗಿ ಹೇಳುತ್ತಾರೆ. ಹಳೆಯ ಪೈಪಿನ ಒಂದು ತುಂಡನ್ನೋ, ಕತ್ತರಿಸಿ ತೆಗೆದ ಎಲ್ಬೋವನ್ನೋ ಕೈಯಲ್ಲಿ ಹಿಡಿದು ಅಂಗಡಿಗೆ ಹೋದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಇನ್ನು ಕತ್ತರಿಸುವ ಟೂಲು. ಜನ ಮೊದಲು ಕೊಳ್ಳುವುದು ಇದನ್ನೇ, ತಪ್ಪಾಗಿ ಕೊಳ್ಳುವುದೂ ಇದನ್ನೇ.

ಕತ್ತರಿಯಂತೆ ಹಿಡಿದು ಟಕಟಕನೆ ಅದುಮುವ ರ‍್ಯಾಚೆಟ್ ಕಟರ್ ನೋಡಲು ಸೊಗಸು. ಹೆಚ್ಚಿನವು 42 ಮಿ.ಮೀ. ದಪ್ಪದ ತನಕ ಕತ್ತರಿಸುತ್ತವೆ. ಹೊಸ ಪೈಪಿಗೆ, ಪಿಪಿಆರ್‌ಗೆ, ಅಲಗು ಹರಿತವಿದ್ದಾಗ ಅದನ್ನು ಮೀರಿಸುವ ಟೂಲು ಇನ್ನೊಂದಿಲ್ಲ: ಪುಡಿ ಬೀಳುವುದಿಲ್ಲ, ಕಟ್ ನೇರ ಬರುತ್ತದೆ. ಆದರೆ ಅದು ಕೊಯ್ಯುವುದಕ್ಕಿಂತ ಮೊದಲು ಹಿಸುಕುತ್ತದೆ ಎಂಬುದನ್ನು ಮರೆಯಬಾರದು. ಅಲಗು ಒಂದು ಕಡೆಯಿಂದ ಒತ್ತಿದಾಗ ಪೈಪು ಮೊಟ್ಟೆಯಾಕಾರಕ್ಕೆ ಚಪ್ಪಟೆಯಾಗಿ, ಕಟ್ ಆದೊಡನೆ ಪಟ್ಟನೆ ದುಂಡಗಾಗುತ್ತದೆ. ಹೊಸ ಪೈಪು ಇದನ್ನು ತಾಳಿಕೊಳ್ಳುತ್ತದೆ. ವರ್ಷಗಟ್ಟಲೆ ಬಿಸಿನೀರು ಹರಿದು ಪೆಡಸಾದ ಸಿಪಿವಿಸಿ, ಬಿಸಿಲಿಗೆ ಒಡ್ಡಿಕೊಂಡ ಯುಪಿವಿಸಿ, ಚಳಿಯಲ್ಲಿ ತಣ್ಣಗಾದ ಯಾವುದೇ ಪಿವಿಸಿ ತಾಳುವುದಿಲ್ಲ. ತುದಿಯಿಂದ ಉದ್ದಕ್ಕೆ ಕೂದಲೆಳೆಯ ಸೀಳು ಬೀಳುತ್ತದೆ. ಅದು ಸಾಕೆಟ್ಟಿನೊಳಗೆ (ಫಿಟ್ಟಿಂಗಿನಲ್ಲಿ ಪೈಪಿನ ತುದಿ ಕೂರುವ ಗೂಡಿನೊಳಗೆ) ಮುಚ್ಚಿಹೋಗುವುದರಿಂದ ಆ ಹೊತ್ತಿಗೆ ಕಾಣುವುದಿಲ್ಲ. ಒತ್ತಡ ಬಿದ್ದ ಮೇಲೆ ಸೀಳು ಬೆಳೆದು ಸಾಕೆಟ್ಟಿನ ಬಾಯಿಂದ ಆಚೆಗೆ ಇಣುಕುತ್ತದೆ. ಕತ್ತರಿಸಿದ ತುದಿಯನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಒಳಮೈ ಸವರಿ ನೋಡಿ. ಸೀಳು ಕಂಡರೆ ಅದು ಮುಗಿದಂತೆ ತೋರುವ ಜಾಗದಿಂದ ಇನ್ನೂ 50 ಮಿ.ಮೀ. ಆಚೆಗೆ ಕತ್ತರಿಸಬೇಕು. ಕಣ್ಣಿಗೆ ಕಾಣುವ ಸೀಳಿಗಿಂತ ನಿಜವಾದ ಸೀಳು ಉದ್ದವಿರುತ್ತದೆ.

ಆದ್ದರಿಂದ ಅಪರೂಪಕ್ಕೆ ಕೆಲಸ ಮಾಡುವವರಿಗೆ, ಅದರಲ್ಲೂ ಹಳೆಯ ಲೈನ್ ರಿಪೇರಿಯೇ ಹೆಚ್ಚಾಗಿರುವವರಿಗೆ, ಹ್ಯಾಕ್ಸಾ, ಅಂದರೆ ಚೌಕಟ್ಟಿಗೆ ಬ್ಲೇಡು ಬಿಗಿದ ಕೈಗರಗಸ, ಸಾಕು. ಸಾಕು ಮಾತ್ರವಲ್ಲ, ಅದೇ ಮೇಲು. ಬ್ಲೇಡಿನ ಆಯ್ಕೆಯಲ್ಲಿ ಮಾತ್ರ ಎಚ್ಚರ ಬೇಕು. ಬ್ಲೇಡಿನ ಮೇಲೆ ಇಂಚಿಗೆ 18, 24, 32 ಎಂದು ಹಲ್ಲಿನ ಲೆಕ್ಕ ಬರೆದಿರುತ್ತದೆ. ಕತ್ತರಿಸುವ ಪೈಪಿನ ಗೋಡೆಯ ದಪ್ಪದಲ್ಲಿ ಎರಡು ಹಲ್ಲಾದರೂ ಒಟ್ಟಿಗೆ ಕೂರಬೇಕು, ಇಲ್ಲದಿದ್ದರೆ ಹಲ್ಲು ಸಿಕ್ಕಿಕೊಂಡು ಅಂಚನ್ನು ಕಿತ್ತುಹಾಕುತ್ತದೆ. ಎಸ್‌ಡಿಆರ್ 11 ದರ್ಜೆಯ (ಹೊರ ವ್ಯಾಸ ಗೋಡೆಯ ದಪ್ಪದ ಹನ್ನೊಂದರಷ್ಟು ಇರುವ) ಅರ್ಧ ಇಂಚಿನ ಸಿಪಿವಿಸಿಯ ಗೋಡೆ ಸುಮಾರು 1.7 ಮಿ.ಮೀ. 24ರ ಬ್ಲೇಡಿನಲ್ಲಿ ಹಲ್ಲಿಂದ ಹಲ್ಲಿಗೆ 1.06 ಮಿ.ಮೀ. ಅಂತರ, ಅಂದರೆ ಎರಡು ಹಲ್ಲು ಕೂರುವುದಿಲ್ಲ. 32ರಲ್ಲಿ ಸುಮಾರು 0.8, ಕೂರುತ್ತದೆ. ತೆಳು ಪೈಪಿಗೆ 32, ದಪ್ಪ ಪೈಪಿಗೆ 24. ಹಲ್ಲಿನ ಮೊನೆ ಹಿಡಿಯ ಕಡೆಗಲ್ಲ, ಮುಂದಕ್ಕೆ ತಿರುಗಿರಬೇಕು. ಬ್ಲೇಡು ಸಡಿಲವಿದ್ದರೆ ಕಟ್ ಓಲುತ್ತದೆ, ಚಿಟಿಕೆ ಹೊಡೆದರೆ ಟಂಯ್ ಎನ್ನುವಷ್ಟು ಬಿಗಿ ಇರಲಿ.

ಗರಗಸದ ಕಟ್ ನೇರ ಬರುವುದಿಲ್ಲ ಎಂಬ ದೂರಿಗೆ ಮದ್ದು ಕಾಗದದ ಪಟ್ಟಿ. ನೇರ ಅಂಚಿನ ಒಂದು ಕಾಗದವನ್ನು ಪೈಪಿಗೆ ಸುತ್ತಿ, ಅಂಚಿನ ಮೇಲೆ ಅಂಚು ಸರಿಯಾಗಿ ಕೂರುವಂತೆ ಹಿಡಿದು, ಸುತ್ತಲೂ ಗೆರೆ ಎಳೆಯಿರಿ. ಮೊದಲು ಗೆರೆಯ ಗುಂಟ ಪೈಪನ್ನು ತಿರುಗಿಸುತ್ತಾ ಸುತ್ತಲೂ ಆಳವಿಲ್ಲದ ಗೀರು ಹಾಕಿ, ಆಮೇಲೆ ಪೂರ್ತಿ ಕೊಯ್ಯಿರಿ. ಒಂದೇ ಕಡೆಯಿಂದ ಆ ತುದಿಯ ತನಕ ಎಳೆದರೆ ಗರಗಸ ಓರೆಗೆ ತಿರುಗಿಯೇ ತಿರುಗುತ್ತದೆ. ಬಿಡಿ ಪೈಪಿಗೆ ಗರಗಸವನ್ನು ನೇರ ನಡೆಸುವ ಸೀಳುಗಳಿರುವ ಮರದ ಮೈಟರ್ ಬಾಕ್ಸ್ ಇದ್ದರೆ ಗೆರೆಯ ತಾಪತ್ರಯವೂ ಇಲ್ಲ. ಗೋಡೆಗೆ ಅಂಟಿಕೊಂಡ, ಗರಗಸದ ಚೌಕಟ್ಟು ಹೋಗದ ಜಾಗಕ್ಕೆ ಎರಡು ಕಡೆ ಹಿಡಿಯಿರುವ ತಂತಿ ಗರಗಸ ಸಿಗುತ್ತದೆ. ಪೈಪಿನ ಹಿಂದಿನಿಂದ ಹಾಯಿಸಿ ಅತ್ತಿತ್ತ ಎಳೆದರಾಯಿತು. ಇಲ್ಲವೇ ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿದರೂ ನಡೆಯುತ್ತದೆ.

ಕತ್ತರಿಸಿದ ಮೇಲಿನ ಒಂದು ನಿಮಿಷದ ಕೆಲಸವನ್ನು ಬಿಡುವವರೇ ಹೆಚ್ಚು. ಹೊಸದಾಗಿ ಕತ್ತರಿಸಿದ ತುದಿಯನ್ನು ನೋಡಿ: ಒಳ ಅಂಚಿನಲ್ಲಿ ಸಿಬಿರು ಜೋತಾಡುತ್ತಿರುತ್ತದೆ, ಹೊರ ಅಂಚು ಉಳಿಯ ಬಾಯಿಯಂತೆ ಚೂಪಾಗಿರುತ್ತದೆ. ಇದನ್ನು ಹಾಗೇ ಸಾಕೆಟ್ಟಿಗೆ ತಳ್ಳಿದರೆ ಆ ಚೂಪು ಅಂಚು ಸಾಕೆಟ್ಟಿನ ಒಳಮೈಗೆ ಹಚ್ಚಿದ ಸಲ್ಯೂಷನ್ನನ್ನು ಕೆರೆದುಕೊಂಡು ಒಳಗೆ ಹೋಗಿ ತಳದಲ್ಲಿ ಗುಡ್ಡೆ ಹಾಕುತ್ತದೆ. ಒಂದೇ ಏಟಿಗೆ ಎರಡು ಕೇಡು: ಅಂಟಬೇಕಾದ ಮೈ ಒಣಗಿರುತ್ತದೆ, ತಳದಲ್ಲಿ ನಿಂತ ಗುಡ್ಡೆ ಪೈಪಿನ ಗೋಡೆಯನ್ನು ಮೆತ್ತಗೆ ಮಾಡುತ್ತದೆ, ಕೆಲವೊಮ್ಮೆ ನೀರಿನ ದಾರಿಯನ್ನೂ ಕಿರಿದು ಮಾಡುತ್ತದೆ. ಪರಿಹಾರ ಒಂದು ಅರೆದುಂಡು ಅರ. ಚಪ್ಪಟೆ ಮೈಯಿಂದ ಹೊರ ಅಂಚನ್ನು 10ರಿಂದ 15 ಡಿಗ್ರಿ ಓರೆಯಲ್ಲಿ, ಒಂದೂವರೆ ಎರಡು ಮಿ.ಮೀ. ಅಗಲಕ್ಕೆ ಸುತ್ತಲೂ ತೀಡಿ. ದುಂಡು ಮೈಯಿಂದ ಒಳಗಿನ ಸಿಬಿರು ತೆಗೆಯಿರಿ. ಹಲ್ಲು ತೀರ ನಯವಿರುವ ಅರ ಬೇಡ, ಪ್ಲಾಸ್ಟಿಕ್ ಪುಡಿ ಕಚ್ಚಿಕೊಂಡು ಎರಡೇ ಉಜ್ಜಿಗೆ ಜಾರತೊಡಗುತ್ತದೆ. ಪೈಪಿನ ಬಾಯಿಗಿಟ್ಟು ತಿರುಗಿಸುವ ಚೇಂಫರ್ ಟೂಲು ಚೊಕ್ಕವಾಗಿಯೇ ಕೆಲಸ ಮಾಡುತ್ತದೆ, ಆದರೆ ಹತ್ತಿಪ್ಪತ್ತು ಜಾಯಿಂಟು ಒಟ್ಟಿಗೆ ಇದ್ದವರಿಗೆ ಅದು. ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಒಣ ಬಟ್ಟೆಯೇ ಬೇಕು.

ಸಲ್ಯೂಷನ್ ಎಂದರೆ ಗೋಂದಲ್ಲ. ಅದು ಪೈಪಿನ ಹೊರಮೈಯನ್ನೂ ಸಾಕೆಟ್ಟಿನ ಒಳಮೈಯನ್ನೂ ಕರಗಿಸುತ್ತದೆ, ಕರಗಿದ ಎರಡೂ ಮೈ ಒಂದಾಗಿ, ದ್ರಾವಕ ಆವಿಯಾದ ಮೇಲೆ ಒಂದೇ ಪ್ಲಾಸ್ಟಿಕ್ ಆಗಿ ಗಟ್ಟಿಯಾಗುತ್ತದೆ. ಹೀಗಾಗಿಯೇ ಬಿಚ್ಚಿ ಮತ್ತೆ ಜೋಡಿಸುವ ಮಾತಿಲ್ಲ. ಹೀಗಾಗಿಯೇ ನೀರಿನ ಹನಿ ಇದ್ದ ಕಡೆ ಹಿಡಿಯುವುದೂ ಇಲ್ಲ. ವಾಲ್ವ್ ಮುಚ್ಚಿದ ಮೇಲೂ ಲೈನಿನಲ್ಲಿ ಉಳಿದ ನೀರು ತೊಟ್ಟಿಕ್ಕುತ್ತಿದ್ದರೆ ಆ ಮನೆಯ ಅತ್ಯಂತ ತಗ್ಗಿನ ನಲ್ಲಿಯನ್ನೂ ಅತ್ಯಂತ ಎತ್ತರದ ನಲ್ಲಿಯನ್ನೂ ತೆರೆದಿಡಿ. ಮೇಲಿನಿಂದ ಗಾಳಿ ಸೇರಿದರೆ ಕೆಳಗಿನಿಂದ ನೀರು ಬೇಗ ಬಸಿಯುತ್ತದೆ. ಆಗಲೂ ನಿಲ್ಲದಿದ್ದರೆ ದೋಷ ವಾಲ್ವಿನದು, ಮೊದಲು ಅದನ್ನು ನೋಡಬೇಕು. ಗೀಸರ್ ಇರುವ ಲೈನಾದರೆ ನೀರು ನಿಲ್ಲಿಸುವ ಮೊದಲೇ ಅದರ ಸ್ವಿಚ್ ಆರಿಸಿರಬೇಕು, ಇದನ್ನು ಹೇಳಬೇಕಾಗಿಲ್ಲ ಎಂದುಕೊಂಡರೂ ಹೇಳಿಬಿಡುವುದು ಒಳ್ಳೆಯದು.

ಸಲ್ಯೂಷನ್ನಿನ ಚಿಕ್ಕ ಡಬ್ಬಿಯನ್ನೇ ಕೊಳ್ಳಿ. ದೊಡ್ಡದು ಲೆಕ್ಕದಲ್ಲಿ ಅಗ್ಗ, ವ್ಯವಹಾರದಲ್ಲಿ ನಷ್ಟ: ಒಮ್ಮೆ ತೆರೆದ ಡಬ್ಬಿಯಿಂದ ದ್ರಾವಕ ಹಾರುತ್ತಲೇ ಇರುತ್ತದೆ. ಕಡ್ಡಿ ಎತ್ತಿದಾಗ ಸಲ್ಯೂಷನ್ ಧಾರೆಯಾಗಿ ಇಳಿಯದೆ ಮುದ್ದೆಯಾಗಿ ಜೋತರೆ ಅದನ್ನು ಬಿಸಾಡಬೇಕು, ಥಿನ್ನರ್ ಬೆರೆಸಿ ತೆಳುಮಾಡುವ ಉಪಾಯ ಬೇಡ. ಮುಚ್ಚಳದಲ್ಲಿನ ಬ್ರಷ್ಷಿನ ಅಗಲ ಪೈಪಿನ ವ್ಯಾಸದ ಅರ್ಧದಷ್ಟಿದ್ದರೆ ಸರಿ. ತೀರ ಸಣ್ಣದಾದರೆ ಸುತ್ತು ಮುಗಿಯುವಷ್ಟರಲ್ಲಿ ಮೊದಲು ಹಚ್ಚಿದ್ದು ಒಣಗಿರುತ್ತದೆ. ಡಬ್ಬಿಯ ಮೇಲೆ ಪ್ರೈಮರ್ (ಸಲ್ಯೂಷನ್ನಿಗೆ ಮೊದಲು ಹಚ್ಚಿ ಮೈ ಹದಗೊಳಿಸುವ ದ್ರವ) ಬಳಸಿ ಎಂದಿದ್ದರೆ ಅದನ್ನೂ ತನ್ನಿ, ಬೇಡವೆಂದಿದ್ದರೆ ಬೇಡ.

ಸಲ್ಯೂಷನ್ ಹಚ್ಚುವ ಮೊದಲು ಒಣ ಜೋಡಣೆ ಮಾಡಿ ನೋಡಬೇಕು. ಪೈಪು ಸಾಕೆಟ್ಟಿನ ಆಳದ ಮೂರನೇ ಒಂದರಿಂದ ಮೂರನೇ ಎರಡರಷ್ಟು ಸಲೀಸಾಗಿ ಹೋಗಿ ಅಲ್ಲಿ ಬಿಗಿಯಾಗಬೇಕು. ಒಣಗಿದ್ದಾಗಲೇ ತಳ ಮುಟ್ಟಿ ಲೊಟಲೊಟ ಅಲ್ಲಾಡಿದರೆ ಆ ಫಿಟ್ಟಿಂಗ್ ಬದಲಿಸಿ. ಎಲ್ಬೋ ಯಾವ ದಿಕ್ಕಿಗೆ ನಿಲ್ಲಬೇಕೆಂದು ಪೈಪು ಮತ್ತು ಫಿಟ್ಟಿಂಗ್ ಎರಡರ ಮೇಲೂ ಹಾಯುವಂತೆ ಮಾರ್ಕರಿನಲ್ಲಿ ಒಂದು ಗೆರೆ, ಎಷ್ಟು ಆಳ ಹೋಗಬೇಕೆಂದು ಪೈಪಿನ ಮೇಲೆ ಇನ್ನೊಂದು ಗೆರೆ. ಆಮೇಲೆ ಪೈಪಿನ ಹೊರಮೈಗೆ ಧಾರಾಳವಾಗಿ ಸಮನಾಗಿ, ಸಾಕೆಟ್ಟಿನ ಒಳಗೆ ತೆಳ್ಳಗೆ ಹಚ್ಚಿ, ಕಾಲು ಸುತ್ತು ತಿರುಗಿಸುತ್ತಾ ತಳ ಮುಟ್ಟುವ ತನಕ ಒತ್ತಿ, 30 ಸೆಕೆಂಡು ಹಿಡಿದುಕೊಳ್ಳಿ. ಸಾಕೆಟ್ಟು ಒಳಕ್ಕೆ ಹೋಗುತ್ತಾ ಕಿರಿದಾಗುವುದರಿಂದ ಕೈಬಿಟ್ಟರೆ ಪೈಪು ತಾನಾಗಿ ಹಿಂದಕ್ಕೆ ಜಾರುತ್ತದೆ. ಮೊದಲ ಸಲ ಮಾಡುವವರು ಎಡವುವುದು ಇಲ್ಲೇ. ಸಾಕೆಟ್ಟಿನ ಬಾಯಿಯ ಸುತ್ತ ಸಲ್ಯೂಷನ್ನಿನ ಒಂದು ಸಣ್ಣ ಉಂಗುರ ಎಲ್ಲೂ ತುಂಡಾಗದೆ ಕಾಣಬೇಕು. ಒಂದು ಕಡೆ ಖಾಲಿ ಇದ್ದರೆ ಆ ಕಡೆ ಒಳಗೂ ಸಲ್ಯೂಷನ್ ಸಾಲದು ಎಂದೇ ಅರ್ಥ. ಹೆಚ್ಚಾದದ್ದನ್ನು ಒರೆಸಿ. ಆವಿ ಬೆಂಕಿ ಹಿಡಿಯುವಂಥದು, ತಲೆಯೂ ಸುತ್ತುತ್ತದೆ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಉರಿ ಇರದಿರಲಿ.

ಅಳತೆಯ ಟೇಪು ಎಲ್ಲರ ಮನೆಯಲ್ಲೂ ಇದೆ, ಲೆಕ್ಕ ತಪ್ಪುವುದು ಸಾಕೆಟ್ಟಿನ ಆಳವನ್ನು ಮರೆತಾಗ. ಎರಡು ಎಲ್ಬೋಗಳ ಬಾಯಿಂದ ಬಾಯಿಗೆ 400 ಮಿ.ಮೀ. ಇದೆ ಎನ್ನಿ. ಮುಕ್ಕಾಲು ಇಂಚಿನ ಸಿಪಿವಿಸಿಯಲ್ಲಿ ಸಾಕೆಟ್ಟಿನ ಆಳ ಸುಮಾರು 18 ಮಿ.ಮೀ. ಹಾಗಾದರೆ ಬೇಕಾದ ತುಂಡು 436, 400 ಅಲ್ಲ. ಕೈಯಲ್ಲಿರುವ ಫಿಟ್ಟಿಂಗಿನ ಆಳವನ್ನೇ ಅಳೆದುಕೊಳ್ಳಿ. ಗೋಡೆಗೆ ಎರಡೂ ಕಡೆ ಬಿಗಿದಿರುವ ಲೈನಿನ ನಡುವೆ ತುಂಡು ಕೂರಿಸುವಾಗ ಇನ್ನೊಂದು ಫಜೀತಿ: ಪೈಪನ್ನು ಉದ್ದಕ್ಕೆ ಸರಿಸಲು ಆಗದೆ ಎರಡನೆಯ ತುದಿ ಸಾಕೆಟ್ಟಿಗೆ ಹೋಗುವುದೇ ಇಲ್ಲ. ಅಂಥ ಕಡೆ ಕತ್ತರಿಸುವ ಮೊದಲೇ ಬಿಚ್ಚಿ ಜೋಡಿಸಬಹುದಾದ ಒಂದು ಯೂನಿಯನ್ ಅಥವಾ ಒಳಗೆ ತಡೆಯಿಲ್ಲದೆ ಪೈಪಿನ ಮೇಲೆ ಸರಿಯುವ ರಿಪೇರಿ ಕಪ್ಲರ್ ತಂದಿಟ್ಟುಕೊಳ್ಳಬೇಕು. ಎಷ್ಟು ದುಬಾರಿ ಟೂಲು ಇದ್ದರೂ ಇದಕ್ಕೆ ಬದಲಿ ಇಲ್ಲ.

ಸ್ಪ್ಯಾನರ್ ವಿಷಯಕ್ಕೆ ಬಂದರೆ, ಕಿಟ್ಟಿನಲ್ಲಿ ಬರುವ ದೊಡ್ಡ ಹಲ್ಲಿನ ಪೈಪ್ ರೆಂಚ್ ಕಬ್ಬಿಣದ ಪೈಪಿನ ಕಾಲದ್ದು. ಪ್ಲಾಸ್ಟಿಕ್ ಫಿಟ್ಟಿಂಗನ್ನು ಅದು ಕಚ್ಚಿ ಗಾಯಗೊಳಿಸುತ್ತದೆ, ಹೊಳಪಿನ ನಲ್ಲಿಯ ಮೈಯನ್ನೂ ಕೆಡಿಸುತ್ತದೆ. ಬದಲಿಗೆ 250 ಮಿ.ಮೀ. ಉದ್ದದ ಅಡ್ಜಸ್ಟೇಬಲ್ ಸ್ಪ್ಯಾನರ್ ಎರಡು ಇರಲಿ. ಒಂದರಿಂದ ಫಿಟ್ಟಿಂಗನ್ನು ಅಲ್ಲಾಡದಂತೆ ಹಿಡಿದು ಇನ್ನೊಂದರಿಂದ ತಿರುಗಿಸಬೇಕು. ಒಂದೇ ಸ್ಪ್ಯಾನರಿನಿಂದ ನಲ್ಲಿ ಬಿಗಿದರೆ ಆ ತಿರುಚು ಗೋಡೆಯೊಳಗಿನ ಜಾಯಿಂಟಿಗೆ ಹೋಗುತ್ತದೆ, ಸೋರಿಕೆ ಟೈಲ್ಸಿನ ಹಿಂದೆ ಶುರುವಾಗುತ್ತದೆ.

ಥ್ರೆಡ್ಡಿನಲ್ಲಿ ಬಲಪ್ರಯೋಗ ಕೂಡದು. ತುದಿಯ ಕಡೆ ಕಿರಿದಾಗುತ್ತಾ ಹೋಗುವ ಓರೆ ಥ್ರೆಡ್ ಬೆಣೆಯಿದ್ದಂತೆ. ಪ್ಲಾಸ್ಟಿಕ್ ಒಳಥ್ರೆಡ್ಡಿಗೆ ಲೋಹದ ಹೊರಥ್ರೆಡ್ ತಿರುಗಿಸುತ್ತಾ ಹೋದಂತೆ ಅದು ಪ್ಲಾಸ್ಟಿಕನ್ನು ಹೊರಕ್ಕೆ ಹಿಗ್ಗಿಸುತ್ತದೆ, ಇವತ್ತಲ್ಲದಿದ್ದರೆ ನಾಳೆ ಸೀಳುತ್ತದೆ. ನಲ್ಲಿ ಕೂರುವ ಕಡೆ ಒಳಗೆ ಹಿತ್ತಾಳೆ ಇರುವ ಬ್ರಾಸ್ ಎಲ್ಬೋ, ಬ್ರಾಸ್ ಟೀ ಹಾಕುವುದು ಇದಕ್ಕೇ. ಪ್ಲಾಸ್ಟಿಕ್ ಥ್ರೆಡ್ಡಾದರೆ ಕೈಯಲ್ಲಿ ಬಿಗಿಯಾಗುವ ತನಕ, ಆಮೇಲೆ ಸ್ಪ್ಯಾನರಿನಿಂದ ಒಂದು ಸುತ್ತು, ಹೆಚ್ಚೆಂದರೆ ಎರಡು. ಟೆಫ್ಲಾನ್ ಟೇಪನ್ನು ಥ್ರೆಡ್ಡಿನ ತುದಿ ನಿಮ್ಮ ಕಡೆ ಇರುವಂತೆ ಹಿಡಿದು ಗಡಿಯಾರದ ಮುಳ್ಳಿನ ದಿಕ್ಕಿಗೆ, ಎಳೆದು ಬಿಗಿಯಾಗಿ, ಮೊದಲ ಒಂದು ಎಳೆ ಬಿಟ್ಟು ಸುತ್ತಿ. ತೆಳು ಟೇಪಾದರೆ ಎಂಟು ಹತ್ತು ಸುತ್ತು ಬೇಕಾದೀತು. ಉಲ್ಟಾ ಸುತ್ತಿದ ಟೇಪು ಬಿಗಿಯುವಾಗ ಸುರುಳಿ ಬಿಚ್ಚಿ ಹೊರಗೆ ಬರುತ್ತದೆ. ಬಿಗಿದ ಮೇಲೆ ನಲ್ಲಿಯ ಮೂತಿ ಸರಿಯಾದ ಕಡೆ ನಿಲ್ಲಲಿಲ್ಲವೆಂದು ಹಿಂದಕ್ಕೆ ತಿರುಗಿಸಿದರೆ ಮುಗಿಯಿತು, ಆ ಟೇಪು ಕೆಲಸಕ್ಕೆ ಬಾರದು. ಪೂರ್ತಿ ಬಿಚ್ಚಿ ಹೊಸದು ಸುತ್ತಿ. ಎಣ್ಣೆ ಬೆರೆತ ಪೇಸ್ಟು, ಸೆಣಬಿಗೆ ಪೇಂಟು ಹಚ್ಚಿ ಸುತ್ತುವ ಹಳೆ ರೂಢಿ ಸಿಪಿವಿಸಿಯ ಹತ್ತಿರ ಬೇಡ. ಅಂಥ ಎಣ್ಣೆ ತಗುಲಿದ ಸಿಪಿವಿಸಿ ಒತ್ತಡದಲ್ಲಿ ಬಿರುಕು ಬಿಡುತ್ತದೆ.

ಪಿಪಿಆರ್ ಇರುವ ಮನೆಯವರು ಬೆಸುಗೆ ಯಂತ್ರ ಕೊಳ್ಳಬೇಕೇ? ವರ್ಷಕ್ಕೆ ಎರಡು ಜಾಯಿಂಟಿಗೆ ಬೇಡ, ಬಾಡಿಗೆಗೆ ತನ್ನಿ. ತಂದಾಗ 260 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು ಪೂರ್ತಿ ಕಾಯಲು ಬಿಡಿ. 20 ಮಿ.ಮೀ. ಪೈಪಿಗೆ 5 ಸೆಕೆಂಡು, 25ಕ್ಕೆ 7 ಸೆಕೆಂಡು ಕಾಯಿಸಿ, ತೆಗೆದ 4 ಸೆಕೆಂಡಿನೊಳಗೆ ನೇರವಾಗಿ ತಳ್ಳಿ, 2 ನಿಮಿಷ ಮುಟ್ಟದೆ ಬಿಡಬೇಕು. ಸಲ್ಯೂಷನ್ ಜಾಯಿಂಟಿನ ಅಭ್ಯಾಸದಲ್ಲಿ ಇಲ್ಲಿಯೂ ಕಾಲು ಸುತ್ತು ತಿರುಗಿಸಿದರೆ ಬೆಸುಗೆ ಕೆಡುತ್ತದೆ. ಹೆಚ್ಚು ಹೊತ್ತು ಕಾಯಿಸಿ, ಜೋರಾಗಿ ತಳ್ಳಿದರೆ ಕರಗಿದ ಪ್ಲಾಸ್ಟಿಕ್ ಒಳಗೆ ಮಡಿಚಿಕೊಂಡು ನೀರಿನ ದಾರಿ ಮುಚ್ಚುತ್ತದೆ. ಮೊದಲು ಒಂದು ವ್ಯರ್ಥ ತುಂಡಿನ ಮೇಲೆ ಬೆಸೆದು, ಉದ್ದಕ್ಕೆ ಸೀಳಿ ಒಳಗೆ ನೋಡಿದರೆ ಕೈ ಹದವಾಗುತ್ತದೆ. ಎಚ್‌ಡಿಪಿಇಗೆ ಟೂಲಿನ ಮಾತೇ ಇಲ್ಲ. ತುದಿಯ ಚೂಪು ತೆಗೆದರೆ ಒಳಗಿನ ರಬ್ಬರ್ ಉಂಗುರ ಕೊಯ್ದುಹೋಗುವುದಿಲ್ಲ, ಜಾರಲು ಸೋಪು ನೀರು ಸಾಕು.

ಪೈಪನ್ನು ಗೋಡೆಗೆ ಹಿಡಿದಿಡುವ ಕ್ಲಾಂಪಿಗೆ ಡ್ರಿಲ್ ಬೇಕಾಗುತ್ತದೆ, ಅದು ಹೇಗೂ ಬೇರೆ ಕೆಲಸಕ್ಕೂ ಬರುವ ಟೂಲು. ಕ್ಲಾಂಪು ಪೈಪನ್ನು ಹೊರಬೇಕು, ಹಿಸುಕಬಾರದು. 3 ಮೀಟರ್ ಉದ್ದದ ಸಿಪಿವಿಸಿ ಲೈನು 30 ಡಿಗ್ರಿಯಿಂದ 60 ಡಿಗ್ರಿಗೆ ಕಾದಾಗ ಸುಮಾರು 6 ಮಿ.ಮೀ. ಉದ್ದವಾಗುತ್ತದೆ. ಅದು ಸರಿಯಲು ಜಾಗವಿಲ್ಲದಿದ್ದರೆ ಆ ತಳ್ಳು ಪೂರ್ತಿ ಮೂಲೆಯ ಎಲ್ಬೋದ ಮೇಲೆ ಬೀಳುತ್ತದೆ.

ನೀರು ಬಿಡುವ ಆತುರ ಬೇಡ. ಜಾಯಿಂಟು ಹಿಡಿದುಕೊಳ್ಳುವುದು ನಿಮಿಷದಲ್ಲಿ, ಒತ್ತಡ ತಾಳುವಷ್ಟು ಗಟ್ಟಿಯಾಗುವುದು ಗಂಟೆಗಳಲ್ಲಿ. ಪೈಪಿನ ಸೈಜು ಮತ್ತು ಹವೆಗೆ ತಕ್ಕ ಕಾಲಾವಧಿಯ ಕೋಷ್ಟಕ ಸಲ್ಯೂಷನ್ ಡಬ್ಬಿಯ ಮೇಲೋ ತಯಾರಕರ ಕೈಪಿಡಿಯಲ್ಲೋ ಇರುತ್ತದೆ. ಚಳಿಯಲ್ಲಿ, ತೇವದಲ್ಲಿ ಅದು ಬಹಳ ಹಿಗ್ಗುತ್ತದೆ. ರಾತ್ರಿಯಿಡೀ ಬಿಡಲು ಸಾಧ್ಯವಾದರೆ ಬಿಡಿ. ಆಮೇಲೆ ನಲ್ಲಿಯ ಮೂತಿಯ ಜಾಲರಿ ಬಿಚ್ಚಿಟ್ಟು, ನಲ್ಲಿ ತೆರೆದೇ ಇಟ್ಟು, ವಾಲ್ವನ್ನು ನಿಧಾನವಾಗಿ ತಿರುಗಿಸಿ. ಗಾಳಿ, ಗರಗಸದ ಪುಡಿ, ಟೇಪಿನ ಚೂರು ಹೊರಗೆ ಹೋದ ಮೇಲೆ ನಲ್ಲಿ ಮುಚ್ಚಿ. ಪ್ರತಿ ಜಾಯಿಂಟಿಗೂ ಒಂದು ಒಣ ಟಿಶ್ಯೂ ಕಾಗದ ಸುತ್ತಿಟ್ಟು ಒಂದು ಗಂಟೆ ಬಿಟ್ಟು ನೋಡಿ. ಬೆರಳಿಗೆ ಸಿಗದ ಜಿನುಗು ಕಾಗದದ ಮೇಲೆ ಕಲೆಯಾಗಿ ಕಾಣುತ್ತದೆ. ಕಲೆ ಕಂಡರೆ ಹೊರಗಿನಿಂದ ಸಲ್ಯೂಷನ್ ಮೆತ್ತಿ ಪ್ರಯೋಜನವಿಲ್ಲ, ಆ ಜಾಯಿಂಟನ್ನು ಕತ್ತರಿಸಿ ತೆಗೆದು ಹೊಸದು ಹಾಕಬೇಕು. ಆದ್ದರಿಂದ ಸಾಮಾನು ತರುವಾಗಲೇ ಲೆಕ್ಕಕ್ಕಿಂತ ಒಂದು ಎಲ್ಬೋ, ಎರಡು ಕಪ್ಲರ್, ಅರ್ಧ ಮೀಟರ್ ಪೈಪು ಹೆಚ್ಚಿಗೆ ತನ್ನಿ. ಜೊತೆಗೆ ಒಂದು ಎಂಡ್ ಕ್ಯಾಪ್ ಇರಲಿ: ಕೆಲಸ ಅರ್ಧಕ್ಕೆ ನಿಂತರೆ ಆ ಕವಲನ್ನು ಅದರಿಂದ ಮುಚ್ಚಿ, ಒಣಗಲು ಬಿಟ್ಟು, ಉಳಿದ ಮನೆಗೆ ನೀರು ಬಿಡಬಹುದು.

ಇಂತಿ,
ಒಬ್ಬ ಓದುಗ